ಸಹಚಾರಿಣಿಯ ಮೌನ

ಪ್ರವಾಸಗ್ರಂಥಗಳಲ್ಲಿ ಎರಡು ಬಗೆ. ಕಂಡ ಸ್ಥಳಗಳ ಪಟ್ಟಿಯನ್ನು ಕೊಡುವುದು ಒಂದು. ಆ ಸ್ಥಳಗಳು ಮನಸ್ಸಿನಲ್ಲಿ ಉಂಟುಮಾಡಿದ ಭಾವವನ್ನು ಕೊಡುವುದು ಇನ್ನೊಂದು. ಆಂಗ್ಲ ಗ್ರಂಥಕರ್ತನಾದ ಡಬ್ಲ್ಯೂ. ಎಚ್. ಹಡ್ಸನ್ನನ ಕೃತಿಗಳು ಎರಡನೆಯ ಬಗೆಗೆ ಸೇರಿದುವು. ೧೮೪೧ರಲ್ಲಿ ಅರ್ಜೆಂಟೀನಾ ದೇಶದಲ್ಲಿ ಜನಿಸಿ, ೧೮೭೪ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದ ಈತನು ೧೯೦೩ರಲ್ಲಿ ‘ಹ್ಯಾಂಪ್‌ಷೈರ್ ಡೇಸ್’ ಎಂಬ ಗ್ರಂಥವನ್ನೂ ೧೯೦೯ರಲ್ಲಿ ‘ಅಫುಟ್ ಇನ್ ಇಂಗ್ಲೆಂಡ್’ ಎಂಬುದನ್ನೂ ಪ್ರಕಟಿಸಿದನು. ಇವೆರಡನ್ನೂ ಒಟ್ಟಿಗಿಟ್ಟು ಓದಿದರೆ ಈತನ ಗುಣವೂ ಕೊರತೆಯೂ ಸ್ಪಷ್ಟವಾಗುತ್ತವೆ.

ಮೊದಲನೆಯ ಗ್ರಂಥದ ಆರಂಭವು ನ್ಯೂ ಫಾರೆಸ್ಟ್ ಎಂಬ ವನಪ್ರದೇಶದಲ್ಲಿ. ಹೆಸರಿನ ಅರ್ಥ ‘ಹೊಸ ಕಾಡು’ ಎಂದಾದರೂ, ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ವಿಲಿಯಂ ದೊರೆಯು ಬೇಟೆಗಾಗಿ ಕಾಯ್ದಿರಿಸಿದ ಪುರಾತನ ಭೂಮಿಯಿದು. ಅಲ್ಲಿ ಓಕ್, ಬೀಚ್ ಮೊದಲಾದ ವೃದ್ಧವೃಕ್ಷಗಳುಂಟು. ಮರಗಳ ನೆರಳನ್ನು ದಾಟಿದರೆ ಹೆದರ್ ಎಂಬ ಕುರುಚಲುಗಿಡಗಳು ಹಬ್ಬಿದ ಬಯಲು. ಅದರ ತಗ್ಗುಗಳಲ್ಲಿ ನೀರು ನಿಂತು, ಪಾಚಿ ಪದರಪದರವಾಗಿ ಬೆಳೆದ ಜವುಗು. ದೂರಕ್ಕೆ ಹಸುರು ಹಾಸಿನಂತೆ ತೋರುವ ಆ ನೆಲವು ಕಾಲಿಟ್ಟೊಡನೆ ಕುಸಿಯುವುದು.

ಈ ಪ್ರದೇಶದಲ್ಲಿ ಹಡ್ಸನ್ನನ ದೃಷ್ಟಿಗೆ ಬೀಳದ ಅಲ್ಪವಸ್ತುವಿಲ್ಲ. ರಾಬಿನ್ ಎಂಬ ಕೆಂಪೆದೆಯ ಹಕ್ಕಿಯ ಗೂಡಿನಲ್ಲಿ ಹುಟ್ಟಿದ ಕೋಗಿಲೆಮರಿಯು ಆ ಹಕ್ಕಿಯ ಸ್ವಂತ ಮರಿಯನ್ನು ಹೊರಕ್ಕೆ ತಳ್ಳಿದುದನ್ನೂ, ಸಮೀಪದಲ್ಲಿಯೇ ಬಿದ್ದ ಮರಿಯನ್ನು ತಾಯಿ ಗಮನಿಸದೆ ಹೋದುದನ್ನೂ ಆತನು ವರ್ಣಿಸಿರುವ ಪರಿಯು ಅಸಾಧಾರಣವಾದುದು. ನಮ್ಮ ಕವಿಗಳು ‘ಪರಭೃತ’ವೆಂಬ ಒಂದೇ ಪದದಲ್ಲಿ ಹೇಳಿ ಮುಗಿಸಿದ ಸಂಗತಿಯನ್ನು ಈತನು ಕಣ್ಣಿಗೆ ಕಟ್ಟಿಸಿದ್ದಾನೆ. ಬ್ಯೂಲಿ ಬಯಲಿನ ಪುರಾತನ ಸಮಾಧಿದಿಬ್ಬದ ಮೇಲೆ ಕುಳಿತು ಗತಿಸಿದ ಜನರನ್ನು ಭಾವಿಸುವ ಪ್ರಕರಣವೂ ಗಂಭೀರವಾದುದೇ.

ಎರಡನೆಯ ಗ್ರಂಥದಲ್ಲಿ ಹಡ್ಸನ್ನನು ಒಂಟಿಯಲ್ಲ. ೧೮೭೬ರಲ್ಲಿ ಆತನ ಕೈಹಿಡಿದ ಎಮಿಲಿಯು ಜೊತೆಯಲ್ಲಿ ಕಾಲ್ನಡೆಯಾಗಿ ಸಂಚರಿಸಿದಳು. ಸಂಜೆಯಾದರೂ ತಂಗುವ ಮನೆ ದೊರೆಯದ ಕಷ್ಟವನ್ನು ಆಕೆಯೂ ಪಟ್ಟಳು. ಆದರೂ ಗ್ರಂಥದಲ್ಲಿ ಆಕೆಯು ಬರಿಯ ಜೊತೆಗಾತಿ. ಆಕೆಯ ಮಾತಿಗೆ ದೊರೆತ ಸ್ಥಳವು ಅತ್ಯಲ್ಪ. ಎಮಿಲಿಯು ಹಿಂದೆ ಗಾಯಕಿಯಾಗಿದ್ದವಳು. ಪಕ್ಷಿಗಳ ದನಿಯನ್ನು ಕುರಿತು ಪುಟಗಟ್ಟಲೆ ಬರೆದವನು, ಸ್ವರಜ್ಞಾನವುಳ್ಳ ಕಿವಿಗೆ ಆ ದನಿ ಹೇಗೆ ಕೇಳಿಸಿತೆಂಬುದನ್ನು ಓದುಗರಿಗೆ ತಿಳಿಸಬಾರದಾಗಿತ್ತೆ?

ಗೃಹಕೃತ್ಯವನ್ನು ಬಹಿರಂಗಪಡಿಸದಿರುವುದು ಸಭ್ಯತೆಯೆಂದು ಕೆಲವರು ಸಮಾಧಾನ ಹೇಳಬಹುದು. ದಾಂಪತ್ಯದ ಗುಟ್ಟು ಬೇರೆ, ಜೊತೆಯಲ್ಲಿ ಕಂಡ ಕಾಡು ಬೇರೆ. ಭವಭೂತಿಯು ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ಈ ಭೇದವನ್ನು ಅರಿತು ನಡೆದಿದ್ದಾನೆ. ಅಲ್ಲಿ ಲಕ್ಷ್ಮಣನು ತೋರಿಸುವ ಚಿತ್ರಗಳಲ್ಲಿ ವನವಾಸದ ಹಾದಿಯನ್ನು ರಾಮನೂ ಸೀತೆಯೂ ಮತ್ತೊಮ್ಮೆ ಕಾಣುತ್ತಾರೆ. ಸೀತೆ ಬೆದರುತ್ತಾಳೆ, ಕೇಳುತ್ತಾಳೆ, ಆ ವನಗಳಿಗೆ ತಿರುಗಿ ಹೋಗಬೇಕೆಂದು ಬಯಸುತ್ತಾಳೆ. ಒಂದೇ ಅರಣ್ಯವು ಇಬ್ಬರ ಹೃದಯಗಳಲ್ಲಿ ಪ್ರತಿಫಲಿಸುವುದರಿಂದಲೇ ಮುಂದಿನ ವಿಯೋಗವು ಅಷ್ಟು ದುಸ್ಸಹವಾಗುತ್ತದೆ.

ಎಮಿಲಿಯು ೧೯೨೧ರಲ್ಲಿಯೂ ಹಡ್ಸನ್ನನು ೧೯೨೨ರಲ್ಲಿಯೂ ಕಾಲವಾದರು. ಆಕೆ ಕಂಡ ಇಂಗ್ಲೆಂಡನ್ನು ಬರೆಯಬಲ್ಲವನು ಆತನೊಬ್ಬನೇ ಆಗಿದ್ದನು. ಗೂಡಿನಿಂದ ಬಿದ್ದ ಮರಿಯನ್ನು ಅಷ್ಟು ಕರುಣೆಯಿಂದ ನೋಡಿದ ಲೇಖನಿಯು ಮಗ್ಗುಲಲ್ಲಿ ನಡೆದವಳತ್ತ ತಿರುಗಲಿಲ್ಲವೆಂಬುದು, ಆ ಗ್ರಂಥಗಳನ್ನು ಮೆಚ್ಚಿದ ಸಹೃದಯರಿಗೂ ಉಳಿಯುವ ವ್ಯಥೆ.