ಆಸ್ಪತ್ರೆ ಮಾರಿದ ದುಡ್ಡು

ಅಪ್ಪ ಕಟ್ಟಿಸಿದ ಮನೆ ಮಾರಿ, ದುಡ್ಡನ್ನೆಲ್ಲ ಎಫ್‌ಡಿಯಲ್ಲಿಟ್ಟು, ‘ಅಸಲು ಮುಟ್ಟಲ್ಲ, ಬಡ್ಡಿ ಸಾಕು’ ಅನ್ನುವವರನ್ನು ನೀವೂ ನೋಡಿರ್ತೀರಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಒಂದಿಡೀ ಕೌಂಟಿಯೇ ಹಾಗೆ ಮಾಡಿತು. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಅಂದ್ಕೊಳ್ಳಿ. ಹೆಸರು ನ್ಯೂ ಹ್ಯಾನೋವರ್, ಮುಖ್ಯ ಊರು ವಿಲ್ಮಿಂಗ್ಟನ್.

ಮಾರಿದ್ದು ಸಾಮಾನ್ಯ ಆಸ್ತಿಯನ್ನಲ್ಲ. 1967ರಲ್ಲಿ ಬಾಗಿಲು ತೆರೆದ ಈ ಸರ್ಕಾರಿ ಆಸ್ಪತ್ರೆ ಎರಡು ಹಳೆಯ ಆಸ್ಪತ್ರೆಗಳ ಜಾಗಕ್ಕೆ ಬಂದದ್ದು. ಅದರಲ್ಲೊಂದು ಕಪ್ಪು ಜನರಿಗೆಂದೇ ಇದ್ದ ಆಸ್ಪತ್ರೆ. ಬೇರೆ ಬೇರೆ ಬಾಗಿಲಲ್ಲಿ ನಿಲ್ಲುತ್ತಿದ್ದವರು ಒಂದೇ ಸೂರಿನಡಿ ಬಂದದ್ದು ಇಲ್ಲಿ. 2021ರ ಫೆಬ್ರವರಿಯಲ್ಲಿ ನೊವಾಂಟ್ ಹೆಲ್ತ್ ಅದನ್ನು ಸುಮಾರು 150 ಕೋಟಿ ಡಾಲರಿಗೆ ಕೊಂಡಿತು.

ದುಡ್ಡು ಎಲ್ಲಿ ಹೋಯ್ತು? ಆಸ್ಪತ್ರೆ ಕೂಡಿಟ್ಟಿದ್ದ ಹಣವೂ ಸೇರಿದ ಗಂಟಿನಲ್ಲಿ ಸುಮಾರು 30 ಕೋಟಿ ಡಾಲರನ್ನು ಕೌಂಟಿ ತನ್ನ ಆಪದ್ಧನವಾಗಿ ಇಟ್ಟುಕೊಂಡಿತು, 5 ಕೋಟಿ ಮಾನಸಿಕ ಆರೋಗ್ಯಕ್ಕೆ ಎತ್ತಿಟ್ಟಿತು. ಸಿಂಹಪಾಲು, ಅಂದ್ರೆ ಸುಮಾರು 125 ಕೋಟಿ, ಹೊಸದಾಗಿ ಹುಟ್ಟಿದ ಒಂದು ಖಾಸಗಿ ದತ್ತಿಗೆ ಹೋಯ್ತು.

ಯಾಕೆ ಅಂತ ಅರ್ಥವಾಗುತ್ತೆ ಬಿಡಿ. ಐದೇ ಜನರ ಚುನಾಯಿತ ಮಂಡಳಿಯ ಕೈಗೆ ಅಷ್ಟು ದುಡ್ಡು ಸಿಕ್ಕರೆ ಪ್ರತಿ ಚುನಾವಣೆಗೂ ಒಂದೊಂದು ಹಬ್ಬ. ದತ್ತಿಯಲ್ಲಿಟ್ಟು ವರ್ಷಕ್ಕೆ ನೂರಕ್ಕೆ 4ರಂತೆ ತೆಗೆದರೂ 5 ಕೋಟಿ ಡಾಲರ್, ಅಸಲು ಹಾಗೇ ಇರುತ್ತೆ. ಈ ಲೆಕ್ಕದಲ್ಲಿ ನನಗೆ ತಪ್ಪು ಕಾಣಲ್ಲ.

ತಕರಾರಿರೋದು ಪಾಸ್‌ಬುಕ್ ಯಾರ ಕೈಲಿದೆ ಅನ್ನೋದರಲ್ಲಿ. ಮೊದಲ ಯೋಜನೆಯಂತೆ ದತ್ತಿಯ ಮಂಡಳಿಗೆ 11 ಜನ. ಐವರನ್ನು ಕೌಂಟಿ ನೇಮಿಸಬೇಕು, ಆರು ಜನರನ್ನು ಆಸ್ಪತ್ರೆಯ ಆಡಳಿತ ಮಂಡಳಿ. ಮಾರಾಟವಾದ ಮೇಲೆ ಆ ಮಂಡಳಿ ಯಾರದ್ದು? ನೊವಾಂಟ್‌ನದ್ದೇ. ಮನೆ ಕೊಂಡವರ ಕಡೆಯವರೇ ಮನೆ ಮಾರಿದವರ ಎಫ್‌ಡಿಗೆ ಸಹಿ ಹಾಕಿದ ಹಾಗಾಯ್ತು! ರಾಜ್ಯದ ಆಗಿನ ಅಟಾರ್ನಿ ಜನರಲ್ ಜೋಶ್ ಸ್ಟೈನ್ ಪರಿಶೀಲಿಸಿದ ಮೇಲೆ ಇಬ್ಬರು ಹೆಚ್ಚಿ 13 ಆದರು. ಒಳ್ಳೆಯದೇ. ಆದರೆ ಚುನಾಯಿತರು ನೇಮಿಸುವವರು ಅದೇ ಐವರು, ಈಗಲೂ ಅಲ್ಪಸಂಖ್ಯಾತರೇ.

ದತ್ತಿಯ ಕೆಲಸ ನಾಲ್ಕು ಕ್ಷೇತ್ರಗಳಲ್ಲಿ: ಶಿಕ್ಷಣ, ಆರೋಗ್ಯ ಮತ್ತು ಸಾಮಾಜಿಕ ಸಮಾನತೆ, ಸಮುದಾಯ ಅಭಿವೃದ್ಧಿ, ಸುರಕ್ಷತೆ. ಆಸ್ಪತ್ರೆಯ ದುಡ್ಡಿಗೆ ಆರೋಗ್ಯ ನಾಲ್ಕರಲ್ಲಿ ಒಂದು ಪಾಲುದಾರ! ಶಾಲೆ ಬೇಡ ಅಂತಲ್ಲ. ಹಾಸಿಗೆ ಬಿಟ್ಟು ಬೆಂಚಿಗೆ ದುಡ್ಡು ಹಾಕೋಣ ಅಂತ ತೀರ್ಮಾನಿಸುವ ಹಕ್ಕು, ಆ ಆಸ್ಪತ್ರೆಯ ಮಾಲೀಕರಾಗಿದ್ದ ಜನಕ್ಕಿರಬೇಕಿತ್ತು ಅಲ್ವಾ?

ತಮಾಷೆ ನೋಡಿ. ಕೌಂಟಿ ಇಟ್ಟುಕೊಂಡ 30 ಕೋಟಿಯ ಬಗ್ಗೆ ಯಾರು ಬೇಕಾದರೂ ಕೌಂಟಿ ಸಭೆಗೆ ಹೋಗಿ ಮೈಕ್ ಹಿಡಿದು ಕೇಳಬಹುದು, ಉತ್ತರ ಸರಿಯಿಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು. ಅದರ ನಾಲ್ಕು ಪಟ್ಟು ದುಡ್ಡಿರುವ ದತ್ತಿ ಮಾತ್ರ ಖಾಸಗಿ ಸಂಸ್ಥೆ. ಬಾಗಿಲು ತೆರೆದೇ ಸಭೆ ನಡೆಸಬೇಕು ಅನ್ನೋ ಸರ್ಕಾರಿ ನಿಯಮ ಅದಕ್ಕಿಲ್ಲ.