ರಿಂಗ್ ತಿರುಗಿಸಿ ನೋಡಿ, ಬೆಲೆ ಆಮೇಲೆ ಕೇಳಿ

ಕ್ಯಾಮರಾ ಕೊಳ್ಳುವ ಮಾತು ಬಂದಾಗ ಪುತ್ತೂರು, ಸುಳ್ಯ, ಕಡಬದ ಕಡೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ‘ಮ್ಯಾನ್ಯುವಲ್ ಫೋಕಸ್ ರೀಲಿನ ಕಾಲದ್ದು ಮಾರಾಯ್ರೆ, ಈಗ ಕಣ್ಣನ್ನೇ ಹುಡುಕಿ ಹಿಡಿಯುವ ಆಟೋಫೋಕಸ್ ಬಂದಿದೆ. ಬೇಕೆಂದರೂ ಎಲ್ಲ ಕ್ಯಾಮರಾದಲ್ಲಿ ಎಂಎಫ್ ಇದ್ದೇ ಇರ್ತದೆ. ಒಂದು ಡಿಎಸ್‌ಎಲ್‌ಆರ್ ಕಿಟ್ ತಗೊಳ್ಳಿ, ಸಾಕು.’ ಮದುವೆಯ ಫೋಟೋ ತೆಗೆಯುವವರು ಹೀಗೆ ಹೇಳುತ್ತಾರೆ, ಅಂಗಡಿಯವರೂ ಹೇಳುತ್ತಾರೆ. ಈ ಸಲಹೆಯ ಒಂದೊಂದು ವಾಕ್ಯವೂ ನಮ್ಮ ಊರಿನ ಮಟ್ಟಿಗೆ ತಪ್ಪು ಎಂಬುದು ನನ್ನ ವಾದ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಅದು ದುಬಾರಿ ತಪ್ಪು.

ಮದುವೆ ಮಂಟಪಕ್ಕೆ ಆಟೋಫೋಕಸ್ಸೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ನಮ್ಮಲ್ಲಿ ಕ್ಯಾಮರಾ ಬೇಕೆಂಬ ಆಸೆ ಹುಟ್ಟುವುದು ಮಂಟಪದಲ್ಲಿ ಅಲ್ಲ. ಸುಳ್ಯ ಸೀಮೆಯ ವಿಷ್ಣುಮೂರ್ತಿ ಒತ್ತೆಕೋಲವನ್ನೇ ನೋಡಿ. ರಾತ್ರಿಯಿಡೀ ಉರಿದ ಸೌದೆಯ ರಾಶಿ, ಅಂದರೆ ಮೇಲೇರಿ, ಕೆಂಡವಾಗಿ, ಸುತ್ತ ಹೊಗೆ ಕವಿದು, ಎಳೆಗರಿಯ ಉಡುಗೆಯ ದೈವ ಅದರ ಮೇಲೆ ಬೀಳುವ ಹೊತ್ತಿಗೆ ಕ್ಯಾಮರಾಗಳು ಏನು ಮಾಡುತ್ತವೆ? ಲೆನ್ಸು ಒಳಗೂ ಹೊರಗೂ ಓಡಾಡುತ್ತ ಹುಡುಕುತ್ತಿರುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಇಂಥ ಕ್ಯಾಮರಾಗಳ ಆಟೋಫೋಕಸ್ ಮುಖ್ಯವಾಗಿ ಹುಡುಕುವುದು ಬೆಳಕು ಕತ್ತಲೆ ಸೇರುವ ಅಂಚನ್ನು. ಹೊಗೆಗೆ ಅಂಚೇ ಇಲ್ಲ, ಕಿಡಿಗಳಿಗೆ ಲೆಕ್ಕವಿಲ್ಲದಷ್ಟು ಅಂಚು. ಯಾವುದು ದೈವ, ಯಾವುದು ಕಿಡಿ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಜತೆಗೆ, ಕತ್ತಲಲ್ಲಿ ಫೋಕಸ್ ಸಿಗದಾಗ ಎಷ್ಟೋ ಕ್ಯಾಮರಾಗಳು ತಾವಾಗಿಯೇ ಒಂದು ದೀಪ ಹೊತ್ತಿಸುತ್ತವೆ. ಕೋಲ ನಡೆಯುವಾಗ ದೈವದ ಮುಖಕ್ಕೆ ಆ ಬೆಳಕು ಬೀಳುವುದು ಮರ್ಯಾದೆಗೇಡು. ಕೈಯಿಂದ ಫೋಕಸ್ ಮಾಡುವವರಿಗೆ ಈ ಕಷ್ಟಗಳಿಲ್ಲ. ಮೇಲೇರಿಯ ಅಂಚಿನ ಒಂದು ಕೊಳ್ಳಿಗೆ ಮೊದಲೇ ಫೋಕಸ್ ಇಟ್ಟು ಸುಮ್ಮನೆ ನಿಂತರಾಯಿತು. ದೈವ ಅಲ್ಲಿಗೆ ಬಂದೇ ಬರುತ್ತದೆ.

ಓಡುವ ವಸ್ತುವಿಗೆ ಮ್ಯಾನ್ಯುವಲ್ ಆಗದು ಎನ್ನುವವರು ಪುತ್ತೂರಿನ ದೇವರಮಾರು ಗದ್ದೆಯ ಕೋಟಿ ಚೆನ್ನಯ ಕಂಬಳಕ್ಕೆ ಬರಬೇಕು. ಕೋಣಗಳ ವೇಗ ಎಷ್ಟೇ ಇರಲಿ, ಅವುಗಳ ದಾರಿ ‘ಕರೆ’ ಎಂಬ ಓಟದ ಗದ್ದೆಯ ಒಳಗೇ. ಕನೆಹಲಗೆ ವಿಭಾಗದ ಓಟದಲ್ಲಿ ನೀರು ಚಿಮ್ಮಬೇಕಾದ ನಿಶಾನೆ ಎಲ್ಲಿದೆ ಎಂಬುದು ಓಟಕ್ಕೆ ಮೊದಲೇ ಕಣ್ಣೆದುರು ಇರುತ್ತದೆ. ಆ ಜಾಗಕ್ಕೆ ದೂರ ಹೊಂದಿಸಿಟ್ಟರೆ ನೀರಿನ ತೆರೆ ಎದ್ದರೂ ಫೋಕಸ್ ಕದಲದು. ಆಟೋಫೋಕಸ್ ಬಹಳ ಸಲ ಆ ತೆರೆಯನ್ನೇ ಹಿಡಿದು ಕೋಣನನ್ನು ಬಿಡುತ್ತದೆ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ ಒಂದೇ ಸಮನೆ ಹಿಂಬಾಲಿಸಿ ತೆಗೆಯಬೇಕಾದರೆ ಒಳ್ಳೆಯ ಆಟೋಫೋಕಸ್ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ಅಂಥ ಬಾಡಿ, ಅಂಥ ಉದ್ದ ಲೆನ್ಸಿನ ಬೆಲೆಗೆ ಒಂದು ಬೈಕೇ ಬರುತ್ತದೆ. ಕಡಿಮೆ ಬೆಲೆಯ ಕಿಟ್ಟಿನ ಆಟೋಫೋಕಸ್ ಅದಲ್ಲ. ಮಿನೋಲ್ಟಾ ಕಂಪನಿ 1985ರಲ್ಲಿ ಆಟೋಫೋಕಸ್ಸನ್ನು ಬಾಡಿಯೊಳಗೇ ತಂದು ಮಾರುಕಟ್ಟೆ ಗೆಲ್ಲುವವರೆಗೆ ಹಾರುವ ಹಕ್ಕಿಯನ್ನೂ ಓಡುವ ಆನೆಯನ್ನೂ ಎಲ್ಲರೂ ಕೈಯಿಂದಲೇ ಹಿಡಿದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ಹೆಸರಾಂತ ವನ್ಯಜೀವಿ ಚಿತ್ರಗಳನ್ನು ನೋಡಿದ ಮೇಲೂ ಇದು ಆಗದ ಕೆಲಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ‘ಎಲ್ಲದರಲ್ಲೂ ಎಂಎಫ್ ಇರ್ತದೆ’ ಎಂಬ ಮಾತಿಗೆ ಬರೋಣ. ಜನ ಮೋಸ ಹೋಗುವುದು ಇಲ್ಲಿಯೇ. ಮೆನುವಿನಲ್ಲಿ ಎಂಎಫ್ ಎಂದು ಬರೆದಿದ್ದರೆ ಸಾಲದು. ಹಳೆಯ ಲೆನ್ಸಿನಲ್ಲಿ ರಿಂಗ್ ತಿರುಗಿಸಿದರೆ ಒಳಗಿನ ಗಾಜು ತಿರುಪಿನ ಮೇಲೆ ನೇರವಾಗಿ ಸರಿಯುತ್ತದೆ. ಎಷ್ಟು ತಿರುಗಿಸಿದಿರೋ ಅಷ್ಟೇ ಸರಿಯುತ್ತದೆ. ಎರಡು ತುದಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಮೈಮೇಲೆ ಮೀಟರಿನ ಗುರುತುಗಳಿರುತ್ತವೆ. ಇಂದಿನ ಬಹುಪಾಲು ಕಿಟ್ ಲೆನ್ಸುಗಳಲ್ಲಿ ರಿಂಗಿಗೂ ಗಾಜಿಗೂ ನೇರ ಸಂಬಂಧವೇ ಇಲ್ಲ. ರಿಂಗ್ ಬರಿಯ ಸೂಚನೆ ಕಳಿಸುತ್ತದೆ, ಗಾಜನ್ನು ಸರಿಸುವುದು ಮೋಟಾರು. ಬೇಗ ತಿರುಗಿಸಿದರೆ ಹೆಚ್ಚು ಸರಿಯುತ್ತದೆ, ನಿಧಾನ ತಿರುಗಿಸಿದರೆ ಕಡಿಮೆ. ತುದಿ ಎಂಬುದಿಲ್ಲ, ಗುರುತಿಲ್ಲ. ಕ್ಯಾಮರಾ ಆಫ್ ಮಾಡಿ ಆನ್ ಮಾಡಿದರೆ ನೀವು ಇಟ್ಟ ದೂರ ಹಲವು ಮಾಡೆಲುಗಳಿಗೆ ನೆನಪಿರುವುದಿಲ್ಲ. ಇದರಿಂದ ಕೈಗೆ ಅಭ್ಯಾಸವೇ ಆಗುವುದಿಲ್ಲ. ಹೊಸ ದುಬಾರಿ ಬಾಡಿಗಳಲ್ಲಿ ಕೆಲವು ರಿಂಗಿನ ಚಲನೆಯನ್ನು ಒಂದೇ ಸಮ ಮಾಡಿಕೊಳ್ಳುವ ಸೌಲಭ್ಯ ಕೊಡುತ್ತವೆ. ಅಗ್ಗದವುಗಳಲ್ಲಿ ಅದು ಅಪರೂಪ.

ಸೂಪರ್‌ಜೂಮ್ ಕ್ಯಾಮರಾಗಳದ್ದು ಇನ್ನೂ ದೊಡ್ಡ ನಿರಾಸೆ. ಕುಮಾರ ಪರ್ವತ, ಬಿಸಿಲೆ ಕಡೆಯ ಹಕ್ಕಿಗಳ ಆಸೆಯಿಂದ ಅವನ್ನು ಕೊಂಡವರು ನನಗೆ ಗೊತ್ತು. ದೂರದ ಮಂಗಟ್ಟೆ ಹತ್ತಿರ ಕಾಣುತ್ತದೆ, ಸರಿ. ಆದರೆ ಹಕ್ಕಿಗೆ ಅಡ್ಡ ಒಂದು ಕಡ್ಡಿ ಬಂದರೆ ಫೋಕಸ್ ಕಡ್ಡಿಗೆ ಹೋಗುತ್ತದೆ. ಅದನ್ನು ತಿದ್ದಲು ಬಹಳಷ್ಟು ಮಾಡೆಲುಗಳಲ್ಲಿ ಬಟನ್ ಒತ್ತುತ್ತಲೋ ಸಣ್ಣ ಚಕ್ರ ತಿರುಗಿಸುತ್ತಲೋ ಇರಬೇಕು. ಅಷ್ಟರಲ್ಲಿ ಹಕ್ಕಿ ಇರುವುದಿಲ್ಲ.

ಡಿಎಸ್‌ಎಲ್‌ಆರ್ ಮೇಲೆ ನಮ್ಮವರಿಗೆ ಇರುವ ಭಕ್ತಿಗೆ ಒಂದು ಕಾರಣವಿದೆ: ವ್ಯೂಫೈಂಡರಿನ ಕಿಂಡಿಯಲ್ಲಿ ನಿಜವಾದ ದೃಶ್ಯವೇ ಕಾಣುತ್ತದೆ, ಹಾಗಾಗಿ ಫೋಕಸ್ ಸುಲಭ ಎಂಬ ನಂಬಿಕೆ. ನಿಕಾನ್ ಎಫ್‌ಎಂ2ನಂಥ ರೀಲ್ ಕ್ಯಾಮರಾಗಳಿಗೆ ಅದು ನಿಜವಾಗಿತ್ತು. ಅವುಗಳ ಪರದೆಯ ನಡುವೆ ಒಂದು ವೃತ್ತ. ಫೋಕಸ್ ತಪ್ಪಿದರೆ ಗೆರೆ ಒಡೆದು ಕಾಣುತ್ತಿತ್ತು, ಸರಿಯಾದರೆ ಕೂಡಿಕೊಳ್ಳುತ್ತಿತ್ತು. ಅಗ್ಗದ ಡಿಎಸ್‌ಎಲ್‌ಆರ್‌ಗಳಲ್ಲಿ ಆ ವೃತ್ತವಿಲ್ಲ. ಕಿಂಡಿ ಸಣ್ಣದು, ಒಳಗೆ ಪ್ರಿಸಂ ಬದಲು ಕನ್ನಡಿಗಳು, ಪರದೆಯನ್ನು ಮಾಡಿರುವುದು ಕಿಟ್ ಲೆನ್ಸಿನ ಮಂದ ಬೆಳಕಿನಲ್ಲೂ ಪ್ರಕಾಶವಾಗಿ ಕಾಣಲೆಂದು. ಎಫ್/1.8 ಲೆನ್ಸ್ ಹಾಕಿದರೂ ಆ ಪರದೆ ತೋರಿಸುವ ಸ್ಪಷ್ಟತೆಯ ಆಳ ಎಫ್/2.8ರ ಆಸುಪಾಸಿನದು. ಕಣ್ಣಿಗೆ ಸರಿ ಕಂಡದ್ದು ಫೋಟೋದಲ್ಲಿ ಮಸುಕಾಗುವುದು ಇದರಿಂದಲೇ. ಕಲಿಯುವ ಹುಡುಗ ತನ್ನ ಕಣ್ಣೇ ಸರಿಯಿಲ್ಲವೆಂದುಕೊಂಡು ಮ್ಯಾನ್ಯುವಲ್ ಬಿಟ್ಟುಬಿಡುತ್ತಾನೆ. ಅವನ ತಪ್ಪಲ್ಲ ಅದು.

ಕಿಂಡಿಯಲ್ಲಿ ಕಂಡದ್ದಕ್ಕೂ ಫೋಟೋದಲ್ಲಿ ಮೂಡಿದ್ದಕ್ಕೂ ಇರುವ ಆ ವ್ಯತ್ಯಾಸ ಎಷ್ಟು ದುಬಾರಿ ಎಂಬುದನ್ನು ತಿಳಿಯಲು ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಹೋಗಬೇಕು. ಬಣ್ಣದ ವೇಷಕ್ಕೆ ಚುಟ್ಟಿ ಇಡುತ್ತಿರುವ ಕಲಾವಿದರನ್ನು ಒಂದು ಮೀಟರ್ ದೂರದಿಂದ 50 ಎಂಎಂ ಲೆನ್ಸಿನಲ್ಲಿ ಎಫ್/1.8ಕ್ಕೆ ತೆಗೆದರೆ ಸ್ಪಷ್ಟವಾಗಿ ಮೂಡುವ ಪದರ ಸುಮಾರು 3 ಸೆಂಟಿಮೀಟರ್. ಮೂಗಿನ ತುದಿಯಿಂದ ಕಣ್ಣಿಗೇ ಹತ್ತಿರಹತ್ತಿರ ಅಷ್ಟಾಗುತ್ತದೆ. ಚುಟ್ಟಿಯ ಬಿಳಿ ಅಂಚು ಹೊಳೆಯುವುದರಿಂದ ಆಟೋಫೋಕಸ್ ಅದಕ್ಕೇ ಅಂಟಿಕೊಳ್ಳುತ್ತದೆ. ಎದುರಿನ ಕನ್ನಡಿಯಲ್ಲಿ ತೆಗೆಯಲು ಹೋದರೆ ಕನ್ನಡಿಯ ಚೌಕಟ್ಟನ್ನು ಹಿಡಿಯುತ್ತದೆ. ನಮಗೆ ಬೇಕಾದದ್ದು ತನ್ನದೇ ಮುಖ ಬದಲಾಗುವುದನ್ನು ನೋಡುತ್ತಿರುವ ಆ ಕಣ್ಣು.

ಹಾಗಾದರೆ ಕೊಳ್ಳಬೇಕಾದದ್ದು ಏನು? ನನ್ನ ಉತ್ತರ: ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇರುವ ಒಂದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಬಾಡಿ, ಅದಕ್ಕೊಂದು ಹಳೆಯ ಮ್ಯಾನ್ಯುವಲ್ ಲೆನ್ಸ್. 2014ರ ಸೋನಿ ಎ6000, 2018ರ ಕ್ಯಾನನ್ ಎಂ50 ಈ ಸಾಲಿನವು. ಎಂ50ಯ ಲೆನ್ಸ್ ಸರಣಿಯನ್ನೇ ಕ್ಯಾನನ್ ನಿಲ್ಲಿಸಿದೆ, ಅದಕ್ಕೇ ಬೇಡ ಎನ್ನುತ್ತಾರೆ. ಹಳೆಯ ಲೆನ್ಸ್ ಹಾಕುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗೆ ನೋಡಿದರೆ ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ವ್ಯೂಫೈಂಡರ್ ಬೇಕೇ ಬೇಕು. ಎ5100ನಂಥ ಕಿಂಡಿ ಇಲ್ಲದ ಬಾಡಿ ಇನ್ನೂ ಅಗ್ಗ, ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಹಿಂದಿನ ಪರದೆಯಲ್ಲಿ ಫೋಕಸ್ ಕಾಣುವುದು ಬಲು ಕಷ್ಟ.

ಮಿರರ್‌ಲೆಸ್ಸಿನಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರಿಗೂ ದೂರ ಕಡಿಮೆ: ಸೋನಿಯಲ್ಲಿ 18 ಮಿ.ಮೀ. ಹಳೆಯ ನಿಕಾನ್ ಲೆನ್ಸಿಗೆ ಬೇಕಾದದ್ದು 46.5 ಮಿ.ಮೀ. ನಡುವಿನ ಜಾಗ ತುಂಬಲು ಗಾಜಿಲ್ಲದ ಒಂದು ಲೋಹದ ಬಳೆ ಸಾಕು. ಅದೇ ಅಡಾಪ್ಟರ್. ಹಾಗಾಗಿ ನಿಕಾನ್, ಪೆಂಟಾಕ್ಸ್, ಮಿನೋಲ್ಟಾ, ಕ್ಯಾನನ್ ಎಫ್‌ಡಿ ಯಾವುದಾದರೂ ಕೂರುತ್ತದೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಕ್ಲಿಕ್ ಆಗಲಿ’ ಎಂಬ ಆಯ್ಕೆಯನ್ನು ಆನ್ ಮಾಡಲು ಮರೆಯಬೇಡಿ. ಅದು ಗೊತ್ತಿಲ್ಲದೆ ಅಡಾಪ್ಟರ್ ಹಾಳೆಂದು ವಾಪಸು ಕೊಟ್ಟವರಿದ್ದಾರೆ. ನಿಕಾನಿನ ಡಿ3000, ಡಿ5000 ಸಾಲಿನ ಡಿಎಸ್‌ಎಲ್‌ಆರ್‌ಗಳಿಗೆ ಇದೇ ಹಳೆಯ ಲೆನ್ಸ್ ಹಾಕಿದರೆ ಬೆಳಕಿನ ಮೀಟರೇ ಕೆಲಸ ಮಾಡುವುದಿಲ್ಲ. ತಮ್ಮದೇ ಕಂಪನಿಯ ಲೆನ್ಸನ್ನು ಹೀಗೆ ದೂರವಿಟ್ಟದ್ದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ. ಮನೆಯಲ್ಲಿ ಈಗಾಗಲೇ ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರು ಮಾತ್ರ ಹೊಸ ಬಾಡಿ ಕೊಳ್ಳಬೇಕಿಲ್ಲ. ನಿಕಾನ್ ಲೆನ್ಸನ್ನು ಅಡಾಪ್ಟರಿನಿಂದ ಅದಕ್ಕೇ ಹಾಕಿ, ಟ್ರೈಪಾಡಿನಲ್ಲಿಟ್ಟು, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಬಹುದು. ಕೂತ ಕಪ್ಪೆಗೆ ಅದು ಸಾಕು, ಕುಣಿಯುವ ವೇಷಕ್ಕೆ ಸಾಲದು.

ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ‘ಪೀಕಿಂಗ್’ ಎಂಬ ಸೌಲಭ್ಯವನ್ನು ಎಲ್ಲರೂ ಹೊಗಳುತ್ತಾರೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಲೆನ್ಸ್ ಪೂರ್ತಿ ತೆರೆದಾಗ ನಿಜಕ್ಕೂ ಸ್ಪಷ್ಟ ಇರುವುದಕ್ಕಿಂತ ಅಗಲ ಜಾಗಕ್ಕೆ ಅದು ಬಣ್ಣ ಬಳಿಯುತ್ತದೆ. ಎ6000ರಲ್ಲಿ ಸಿಗುವ ಬಣ್ಣಗಳಾದರೂ ಕೆಂಪು, ಹಳದಿ, ಬಿಳಿ. ಮೂರೂ ಯಕ್ಷಗಾನದ ವೇಷದಲ್ಲೇ ತುಂಬಿರುವ ಬಣ್ಣಗಳು! ಎಂ50ಯಲ್ಲಿ ನೀಲಿಯೂ ಇದೆ, ರಂಗಸ್ಥಳಕ್ಕೆ ಅದು ಅನುಕೂಲ. ಸೋನಿ ಇದ್ದವರು ಚಿತ್ರದ ಶೈಲಿಯನ್ನು ಕಪ್ಪುಬಿಳುಪಿಗೆ ಇಟ್ಟು ಫೈಲನ್ನು ರಾ ರೂಪದಲ್ಲಿ ಉಳಿಸಿಕೊಳ್ಳಲಿ. ಕಿಂಡಿಯಲ್ಲಿ ವೇಷ ಬೂದಿಬಣ್ಣದ್ದಾಗಿ, ಪೀಕಿಂಗಿನ ಕೆಂಪು ಮಾತ್ರ ಎದ್ದು ಕಾಣುತ್ತದೆ. ರಾ ಫೈಲಿನಲ್ಲಿ ಬಣ್ಣವೆಲ್ಲ ಹಾಗೇ ಇರುತ್ತದೆ. ಕಣ್ಣಿನ ರೆಪ್ಪೆಯವರೆಗೆ ಖಚಿತ ಬೇಕಾದಾಗ ಪೀಕಿಂಗ್ ಬಿಟ್ಟು ಹಿಗ್ಗಿಸಿ ನೋಡುವ ಬಟನ್ ಒತ್ತಬೇಕು.

ಇದೆಲ್ಲ ಹವ್ಯಾಸಿಗಳ ಮಾತು ಎಂದು ಕೃಷಿಕರು ಪಕ್ಕಕ್ಕಿಡಬಾರದು. 1988ರಿಂದ ಪುತ್ತೂರಿನಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಲೇಖನಿಯ ಜತೆಗೆ ಈಗ ಫೋಟೋ ಬೇಕು. ಎಲೆಚುಕ್ಕಿ ರೋಗದ ಚುಕ್ಕೆ, ಸುಳಿ ತಿಗಣೆ, ಎಲೆಯಡಿಯ ನುಸಿ ಇವನ್ನು ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಕಳಿಸುವಾಗ ಮೊಬೈಲಿನ ಚಿತ್ರದಲ್ಲಿ ಸ್ಪಷ್ಟವಾಗಿರುವುದು ಎಷ್ಟೋ ಸಲ ಹಿಂದಿನ ಮರ. ಅಂಗೈಯಗಲದ ವಸ್ತುವಿಗೆ ಮೊಬೈಲು ಸಾಕೇ ಸಾಕು. ಕಾಳಿನಷ್ಟು ಸಣ್ಣದಾದರೆ ಸಾಲದು. ನಿಕಾನಿನ ಹಳೆಯ 55 ಎಂಎಂ ಮೈಕ್ರೋ ಲೆನ್ಸ್ ವಸ್ತುವನ್ನು ಅದರ ಅರ್ಧ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸುತ್ತದೆ. ಆ ಹತ್ತಿರದಲ್ಲಿ ಎಫ್/8 ಇಟ್ಟರೂ ಸ್ಪಷ್ಟ ಪದರ ಸುಮಾರು 2 ಮಿಲಿಮೀಟರ್. ಅಲ್ಲಿ ರಿಂಗನ್ನೂ ಮುಟ್ಟದೆ, ಕ್ಯಾಮರಾ ಹಿಡಿದ ಮೈಯನ್ನೇ ಮುಂದೆ ಹಿಂದೆ ಸರಿಸಿ ಕ್ಲಿಕ್ಕಿಸಬೇಕು. ಜೂನ್ ತಿಂಗಳಲ್ಲಿ ತೋಟದ ಕೆರೆಯ ಮೇಲೆ ನೊರೆಗೂಡು ಕಟ್ಟುವ ಮಲಬಾರ್ ಹಾರುವ ಕಪ್ಪೆಯ ಕಣ್ಣಿಗೂ ಇದೇ ದಾರಿ. ತೊಡಿಕಾನದ ದೇವರ ಮೀನುಗಳಿಗಾದರೆ ರಿಂಗೇ ಸರಿ, ಏಕೆಂದರೆ ಆಟೋಫೋಕಸ್ ನೀರಿನ ಮೇಲಿನ ಹೊಳಪನ್ನೋ ತೇಲುವ ಎಲೆಯನ್ನೋ ಹಿಡಿದು ಅಲ್ಲೇ ನಿಲ್ಲುತ್ತದೆ.

ಹಳೆಯ ಲೆನ್ಸ್ ಕೊಳ್ಳುವಾಗ ನಮ್ಮ ಕಡೆ ನೋಡಲೇಬೇಕಾದದ್ದು ಫಂಗಸ್. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೇ ಬೂಸಲು ಹಿಡಿಯುತ್ತದೆ, ಗಾಜು ಹೇಗೆ ಉಳಿದೀತು? ಲೆನ್ಸನ್ನು ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಫಂಗಸ್ ತೆಗೆಸಿದರೂ ಗಾಜಿನ ಲೇಪನದಲ್ಲಿ ಗುರುತು ಉಳಿಯಬಹುದು. ಸಣ್ಣ ಧೂಳಿಗೆ ಹೆದರಬೇಕಿಲ್ಲ. ರಿಂಗ್ ಒಂದು ತುದಿಯಿಂದ ಇನ್ನೊಂದಕ್ಕೆ ಬೆಣ್ಣೆಯಂತೆ ಸಾಗಬೇಕು, ನಡುವೆ ಸಡಿಲ ಇರಬಾರದು, ಅಪರ್ಚರಿನ ಎಲೆಗಳಲ್ಲಿ ಎಣ್ಣೆಯ ಪಸೆ ಇರಬಾರದು. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಅಪ್ಪನದೋ ಮಾವನದೋ ರೀಲ್ ಕ್ಯಾಮರಾ ಇದ್ದರೆ, ಕೊಳ್ಳಲು ಹೊರಡುವ ಮೊದಲು ಅದನ್ನು ಇಳಿಸಿ ಲೆನ್ಸ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಗಾಜು ಚೆನ್ನಾಗಿದ್ದರೆ ನಿಮಗೆ ಬೇಕಾದದ್ದು ಒಂದು ಹಳೆಯ ಬಾಡಿ ಮತ್ತು ಒಂದು ಅಡಾಪ್ಟರ್ ಮಾತ್ರ. ಈ ಮಳೆಗಾಲ ಹಿಡಿಯುವ ಮೊದಲೇ ನೋಡಿ.