ಉಶ್ನಾಖ್: ಚಿಕ್ಕ ಗುಡ್ಡ, ದೊಡ್ಡ ನೋಟ

ಗುಡ್ಡದ ಬೆಲೆಯನ್ನು ಎತ್ತರದಿಂದ ಅಳೆಯುವುದು ತಪ್ಪು ಎನ್ನಲು ಐರ್ಲೆಂಡಿನ ವೆಸ್ಟ್‌ಮೀತ್ ಕೌಂಟಿಯ ಉಶ್ನಾಖ್ ಒಂದೇ ಸಾಕು. ಅದರ ಎತ್ತರ ಬರೀ 180 ಮೀಟರಿನ ಆಸುಪಾಸು. ಆದರೆ ಸುತ್ತಲಿನದು ಹುಲ್ಲುಗಾವಲು, ಜೌಗು ನೆಲಗಳ ಬಯಲುಸೀಮೆ. ಹಾಗಾಗಿ ಸ್ವಲ್ಪ ಏರಿದರೂ ಕಣ್ಣು ಬಹುದೂರ ಹರಿಯುತ್ತದೆ. ಐದು ಪ್ರಾಂತ್ಯಗಳು ಕೂಡುವ ನಾಡಿನ ನಡುಬಿಂದು ಇದೇ ಎಂದು ಹಳೆಯ ಐರಿಷ್ ಪರಂಪರೆ ನಂಬಿದ್ದು ಸುಮ್ಮನೆ ಅಲ್ಲ. ಇಳಿಜಾರಿನಲ್ಲಿರುವ ಸುಣ್ಣಕಲ್ಲಿನ ಭಾರೀ ಬಂಡೆ ‘ಐಲ್ ನಾ ಮಿರನ್’ ಆ ನಂಬಿಕೆಯ ಗುರುತು. ಹಿಮನದಿ ಹೊತ್ತುತಂದು ಬಿಟ್ಟುಹೋದ ಈ ಬಂಡೆ ಬಿರುಕುಬಿಟ್ಟು, ಹೋಳುಗಳು ಒಂದಕ್ಕೊಂದು ಒರಗಿ ನಿಂತಿವೆ. ತಗ್ಗಾದ ಮಣ್ಣಿನ ಏರಿಯೊಂದು ಅದನ್ನು ಸುತ್ತುವರಿದಿದೆ.

ಐರ್ಲೆಂಡಿನಲ್ಲೇ 1,038 ಮೀಟರಿನ ಕ್ಯಾರಂಟೂಹಿಲ್ ಶಿಖರ ಇರುವಾಗ ಇಲ್ಲಿನ ದನ ಮೇಯುವ ಹೊಲದಲ್ಲಿ ನಡೆಯುವುದು ಎಂಥ ಚಾರಣ ಎಂದು ಕೇಳಬಹುದು. ಶಿಖರದ ಸವಾಲು ಇಲ್ಲಿಲ್ಲ, ನಿಜ. ಆದರೆ ಶಿಖರ ಏರುವವರು ಜನಜೀವನವನ್ನು ಕೆಳಗೇ ಬಿಟ್ಟು ಹೋಗುತ್ತಾರೆ. ಇಲ್ಲಿ ಬೇಲಿ, ಗೇಟು, ದನಕರು, ಪುರಾತನ ದಿಬ್ಬಗಳು ಹೆಜ್ಜೆಹೆಜ್ಜೆಗೂ ಜೊತೆಗಿರುತ್ತವೆ. ದನಗಳು ಮೇಯುವುದರಿಂದಲೇ ಇಳಿಜಾರು ಪೊದೆಗಟ್ಟದೆ, ಆ ದಿಬ್ಬಗಳ ಏರಿಳಿತ ಕಣ್ಣಿಗೆ ಕಾಣುತ್ತದೆ. ಖಾಸಗಿ ಜಮೀನಾದ್ದರಿಂದ ಒಪ್ಪಿಗೆ ಪಡೆದೇ ಹತ್ತಬೇಕೆಂಬುದೂ ಕೊರತೆಯಲ್ಲ; ಅದು ಆ ನೆಲವನ್ನು ನಂಬಿ ಬಾಳುವವರಿಗೆ ಸಲ್ಲಬೇಕಾದ ಮರ್ಯಾದೆ. ಮೈ ದಣಿಸದೆ ಒಂದು ನಾಡನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಸುವ ಗುಡ್ಡವನ್ನು ಚಿಕ್ಕದೆನ್ನಲಾಗದು.